ಹಾಸಾನಂದ ಸೇಠರ ಹೊಟ್ಟೆಕಿಚ್ಚು
ಭಾಲ್ಕಿಯ ಹಾಸಾನಂದ ಸೇಠರು ಸೀರೆ ಬಿಚ್ಚಿ ತೋರಿಸುವಾಗಲೂ ಅವರ ಒಂದು ಕಣ್ಣು ಎದುರಿನ ಭಂವರಲಾಲರ ಬಟ್ಟೆ ಅಂಗಡಿಯ ಮೇಲೆಯೇ ಇರುತ್ತದೆ. ಇವರ ಅಜ್ಜ ದೇಶ ಒಡೆದಾಗ ಸಿಂಧದಿಂದ ಉಟ್ಟ ಬಟ್ಟೆಯಲ್ಲಿ ಬಂದವರು, ಅವರ ಅಜ್ಜ ವ್ಯಾಪಾರಕ್ಕೆಂದು ಮಾರವಾಡದಿಂದ ಬಂದವರು. ಭಂವರಲಾಲರ ಮನೆಯಿಂದ ತುಪ್ಪದ ವಾಸನೆ ಬಂದರೆ ಸೇಠರು ಕಿಟಕಿ ಮುಚ್ಚುತ್ತಾರೆ, ಯಾವ ಸಿಹಿಯೆಂದು ತಿಳಿಯಲು ಮತ್ತೆ ತೆರೆಯುತ್ತಾರೆ. ಎದುರಿನವರು ಅಂಗಡಿಗೆ ಗಾಜಿನ ಬಾಗಿಲು ಹಾಕಿಸಿದ ಮರುವಾರವೇ ಇವರೂ ಹಾಕಿಸಿದರು. ಹಲಬರ್ಗಾದಿಂದ ಬರುವ ಹಳೆಯ ಗಿರಾಕಿ ಸತ್ಯಮ್ಮ ಗಾಜು ಕಾಣದೆ ಅದಕ್ಕೆ ಹಣೆ ಬಡಿಸಿಕೊಂಡಳು. ಸಿಂಧಿ ಮನೆಯ ಪದ್ಧತಿಯಂತೆ ಅವಳಿಗೆ ನೀರಿನ ಜೊತೆ ಹಪ್ಪಳ ಕೊಡುತ್ತಾ ಸೇಠರು, "ಮಾರವಾಡಿ ಮಂದಿ ಎಲ್ಲಿಗೋ ಮುಂದ ಹೋದ್ರು, ನಮ್ಮ ಸಿಂಧಿ ಮಂದಿ ಇದ್ದಲ್ಲೇ ಕುಂತೀವಿ ನೋಡಕ್ಕಾ" ಎನ್ನುತ್ತಾರೆ. "ನಿಮಗೇನು ಕಮ್ಮಿ ಅದರಿ ಸೇಠಜಿ? ಮನಿ, ಕಾರು ಎಲ್ಲಾ ಅವರಂಗೇ ಅದಲ್ರಿ" ಎಂದರೆ, "ಅವರ ಕಾರು ಉದ್ದ ಅದ" ಎಂದು ಮುಖ ತಿರುಗಿಸುತ್ತಾರೆ. ಮೊನ್ನೆ ಭಂವರಲಾಲರು ಮೊಮ್ಮಗನ ಹುಟ್ಟುಗೂದಲ ಜವಳ ತೆಗೆಸಲು ಅಂಗಡಿಗೆ ಬೀಗ ಹಾಕಿ, ಮನೆಮಂದಿಯನ್ನೆಲ್ಲ ಕರೆದುಕೊಂಡು ರಾಜಸ್ಥಾನದ ತಮ್ಮ ಹಳ್ಳಿಗೆ ಹೋದರು. ಅವರ ಗಿರಾಕಿಗಳೆಲ್ಲ ಇವರ ಅಂಗಡಿಯಲ್ಲೇ ತುಂಬಿಕೊಂಡರು. "ಇವತ್ತರೆ ನಗ್ರಿ ಸೇಠಜಿ" ಎಂದಳು ಸತ್ಯಮ್ಮ. ಸೇಠರು ಎದುರಿನ ಬೀಗವನ್ನೇ ನೋಡುತ್ತಾ ಸೀರೆ ಮಡಿಚಿದರು. "ನಮ್ಮ ಮೊಮ್ಮಗಂದೂ ಜವಳ ತೆಗಸೋದದ ಅಕ್ಕಾ. ಊರಿಗಿ ಒಯ್ಯಬೇಕಂದ್ರ ನಮ್ಮ ಊರು ಪಾಕಿಸ್ತಾನದಾಗ ಅದ."