ಎಂಟನೆಯ ಸೂಜಿ

ಕರಡಿ ಗೊಂಬೆಯ ಬೆನ್ನು ಮುಚ್ಚುವ ಮೊದಲು ಸೂಜಿ ಎಣಿಸಬೇಕು. ಇದು ನನಗೆ ನಾನೇ ಹಾಕಿಕೊಂಡಿದ್ದ ಕಟ್ಟಳೆ. ನನ್ನ ಬಳಿ ಇದ್ದದ್ದು ಎಂಟು ಸೂಜಿ. ಏಳು ಕೆಂಪು ಬಟ್ಟೆಯ ಪುಟ್ಟ ದಿಂಬಿನಲ್ಲಿ, ಒಂದು ಕೈಯಲ್ಲಿ. ಲೆಕ್ಕ ಸರಿಹೋದರೆ ಮಾತ್ರ ಬೆನ್ನಿನ ಹೊಲಿಗೆ. ಫರ್ ಬಟ್ಟೆಯ ಕೂದಲಿನಲ್ಲಿ ಬಿದ್ದ ಸೂಜಿ ಕಣ್ಣಿಗೆ ಕಾಣುವುದಿಲ್ಲ, ಒಳಗಿನ ಹತ್ತಿಗೆ ಸೇರಿದರಂತೂ ದೇವರೇ ಗತಿ. ಗೊಂಬೆ ಅಪ್ಪಿಕೊಂಡು ಮಲಗುವುದು ಮಕ್ಕಳು ತಾನೆ.

ಹುಣಸೂರಿನ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಹೊಲಿದದ್ದನ್ನು ಬೈಲಕುಪ್ಪೆಯಲ್ಲಿ ಪ್ರವಾಸಿಗರು ಬರುವ ಒಂದು ಅಂಗಡಿಗೆ ಕೊಡುತ್ತಿದ್ದೆ. ನಮ್ಮ ಮನೆಯವರದು ಹೊಗೆಸೊಪ್ಪಿನ ಎಲೆ ವಿಂಗಡಿಸುವ ಕೆಲಸ, ಬಾಯಲ್ಲಿ ಸದಾ ಕಡ್ಡಿಪುಡಿ. ಅದನ್ನು ಬಿಡಿ ಎಂದು ಹದಿನೈದು ವರ್ಷ ಬೈದಿದ್ದೆ. ನನ್ನ ಬಾಯಿ ಎಷ್ಟು ಜೋರು ಎನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಅವರಿಗೆ ಗಂಟಲ ಕ್ಯಾನ್ಸರ್ ಎಂದು ಡಾಕ್ಟರು ಹೇಳಿದ ದಿನದಿಂದ ಆ ಬಾಯಿಗೆ ಬೀಗ ಹಾಕಿದೆ. ಕುಡೀರಿ, ಮಲಗಿ, ನೋವಾ ಎಂದು ಕೇಳುವುದು ಬಿಟ್ಟರೆ ಬೇರೆ ಮಾತೇ ಇಲ್ಲ. ಎಲ್ಲಿ ಬೈದ ಮಾತೇ ಕೊನೆಯ ಮಾತಾಗಿಬಿಡುತ್ತದೋ ಎಂದು ಹೆದರಿದ್ದೆ.

ವಾರಕ್ಕೆ ಐದು ದಿನ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಬರುತ್ತಿದ್ದೆವು. ರೇಡಿಯೇಷನ್ನಿಗೆ ನಮ್ಮ ಕಡೆ ಕರೆಂಟು ಕೊಡುವುದು ಎನ್ನುತ್ತಾರೆ. ಒಂದು ದಿನವೂ ತಪ್ಪಿಸಬಾರದು ಎಂದಿದ್ದರು ಡಾಕ್ಟರು. ಗೋಡೆಯ ಕ್ಯಾಲೆಂಡರಿನಲ್ಲಿ ಮುಗಿದ ದಿನಗಳಿಗೆ ಗೀಟು ಹಾಕುತ್ತಾ ಬಂದೆವು. ಮೂರನೆಯ ವಾರಕ್ಕೆ ಗಂಟಲೆಲ್ಲ ಹುಣ್ಣಾಗಿ ಅವರ ದನಿ ನಿಂತೇ ಹೋಯಿತು. ಒಂದು ಸ್ಲೇಟು, ಬಳಪ ತಂದುಕೊಟ್ಟೆ.

ಆಸ್ಪತ್ರೆಯಲ್ಲಿ ಸರದಿಗಾಗಿ ಕಾಯುವಾಗಲೂ ಹೊಲಿಯುತ್ತಿದ್ದೆ. ಒಂದು ಶುಕ್ರವಾರ ಪಕ್ಕದ ಬೆಂಚಿನಲ್ಲಿ ಬೀಚನಹಳ್ಳಿಯ ಆರು ವರ್ಷದ ಹುಡುಗಿ ಅಜ್ಜಿಯ ಮಡಿಲಲ್ಲಿ ಕೂತು ಅಳುತ್ತಿತ್ತು. ಔಷಧಿಗೆ ತಲೆಗೂದಲೆಲ್ಲ ಉದುರಿತ್ತು. ರಕ್ತದಲ್ಲಿ ಶಕ್ತಿ ಇಲ್ಲ, ಒಂದು ಮುಳ್ಳೂ ಚುಚ್ಚದಂತೆ ನೋಡಿಕೊಳ್ಳಿ ಎಂದು ನರ್ಸಮ್ಮ ಅಜ್ಜಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. ಅಷ್ಟರಲ್ಲಿ ನಮ್ಮವರ ಹೆಸರು ಕೂಗಿದರು. ಗಡಿಬಿಡಿಯಲ್ಲಿ ಬೆನ್ನು ಹೊಲಿದು, ದಾರ ಹಲ್ಲಿನಿಂದ ಕಡಿದು, ಗೊಂಬೆಯನ್ನು ಆ ಮಗುವಿನ ಕೈಗೆ ಕೊಟ್ಟೆ. ಅಳು ನಿಂತಿತು.

"ನಮ್ ಕಾಡಲ್ಲಿರೋ ಕರಡಿ ಸಾಲ್ದು ಅಂತ ಇದನ್ನೂ ಮನೆಗೆ ಕರ್ಕೊಂಡೋಗ್ಬೇಕಾ?" ಎಂದು ಅಜ್ಜಿ ನಕ್ಕಳು. ನಾನೂ ನಕ್ಕು ಒಳಗೆ ಓಡಿದೆ.

ಶನಿವಾರ ಸಂಜೆ ದಿಂಬು ನೋಡಿದರೆ ಏಳೇ ಸೂಜಿ. ಕೈ ಖಾಲಿ. ನೆಲ ಗುಡಿಸಿ ನೋಡಿದೆ, ಚೀಲ ಕೊಡವಿದೆ. ಮನೆಯಲ್ಲಿದ್ದ ಹನ್ನೊಂದು ಗೊಂಬೆಗಳನ್ನೂ ಒಂದೊಂದಾಗಿ ಹಿಸುಕಿದೆ. ಒಂದರ ಮೂಗು ಸೊಟ್ಟಗಿತ್ತು. ಯಾವಾಗ ಹೊಲಿದೆನೋ ನೆನಪಿಲ್ಲ, ನಿದ್ದೆಗಣ್ಣಿನಲ್ಲಿ ಕೆಡಿಸಿದೆ ಎಂದು ನನ್ನನ್ನೇ ಬೈದುಕೊಂಡೆ. ಆಮೇಲೆ ಶುಕ್ರವಾರ ನೆನಪಾಯಿತು. ಅಂದು ಎಣಿಸಿರಲೇ ಇಲ್ಲ. ಇವರು ಮಾತ್ರೆ ನುಂಗಿ ಮಲಗಿದ್ದರು, ಎಬ್ಬಿಸಲಿಲ್ಲ.

ಭಾನುವಾರ ಬೆಳಗ್ಗೆ ಇವರಿಗೆ ಗಂಜಿ ಕುಡಿಸಿ, ಮಧ್ಯಾಹ್ನದ ಗಂಜಿಗೂ ಮಾತ್ರೆಗೂ ಪಕ್ಕದ ಮನೆಯವಳಿಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡೆ.

"ರೀ, ಸೂಜಿ ಒಂದು ಕಮ್ಮಿ ಅದೆ. ಆಸ್ಪತ್ರೇಲಿ ಆ ಮಗೀಗೆ ಕೊಟ್ನಲ್ಲ, ಆ ಗೊಂಬೇಲಿ ಸೇರ್ಕೊಂಡದೆ. ಬೀಚನಹಳ್ಳಿಗೆ ಹೋಗಿ ಬತ್ತೀನಿ."

ಇವರು ಲೋಟದಿಂದ ಮಂಚವನ್ನು ಟಕಟಕ ಬಡಿದರು. ಗೋಡೆಯ ಕಡೆ ಕೈ ತೋರಿಸಿದರು. ಗೀಟು ಹಾಕಿದ ಕ್ಯಾಲೆಂಡರು ಅಲ್ಲಿತ್ತು.

"ಗೊತ್ತು ಕಣ್ರೀ, ನಾಳೆ ಕರೆಂಟು. ಅಷ್ಟರೊಳಗೆ ಬರಲ್ವಾ ನಾನು?"

ಮತ್ತೂ ಜೋರಾಗಿ ಬಡಿದರು. ಒಬ್ಬರೇ ಇರಲು ಹೆದರಿಕೆ ಎಂದುಕೊಂಡೆ. ಸ್ಲೇಟು ಎಳೆದುಕೊಂಡು ಬರೆಯತೊಡಗಿದರು. ಬಸ್ಸು ತಪ್ಪಿದರೆ ಮುಂದಿನದು ಎಷ್ಟು ಹೊತ್ತಿಗೋ. "ಬಂದ್ಮೇಲೆ ಓದ್ತೀನಿ ಬುಡಿ" ಎಂದು ಹೊರಟುಬಿಟ್ಟೆ.

ಕೋಟೆ ಪಟ್ಟಣದಲ್ಲಿ ಬಸ್ಸು ಬದಲಿಸಿ ಬೀಚನಹಳ್ಳಿ ಮುಟ್ಟಿ, ಕೂದಲಿಲ್ಲದ ಮಗುವಿನ ಮನೆ ಯಾವುದೆಂದು ಕೇಳಿ ಹೋದರೆ ಬಾಗಿಲಿಗೆ ಬೀಗ. ಸರಗೂರಿನ ನೆಂಟರ ಮನೆಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದರು. ಜಗಲಿಯ ಮೇಲೆ ಕೂತೆ. ಮಧ್ಯಾಹ್ನದ ಗಂಜಿ ಇವರ ಗಂಟಲಲ್ಲಿ ಇಳಿಯಿತೋ ಇಲ್ಲವೋ. ಆ ಮಗು ಗೊಂಬೆಯನ್ನು ಕೆನ್ನೆಗೆ ಒತ್ತಿಕೊಂಡಿದೆಯೋ, ಬಾಯಿಗೆ ಇಟ್ಟುಕೊಂಡಿದೆಯೋ. ಎದ್ದು ಸರಗೂರಿಗೇ ಹೋಗಿಬಿಡೋಣವೆಂದರೆ ಅವರು ದಾರಿಯಲ್ಲೇ ತಪ್ಪಿಹೋದರೆ? ಮನೆಗೆ ವಾಪಸು ಹೋಗೋಣವೆಂದರೆ ಕಾಲೇ ಏಳಲಿಲ್ಲ. ಹೊತ್ತು ಮುಳುಗುವವರೆಗೆ ಜಗಲಿಯ ಕಂಬ ಹಿಡಿದು ಕೂತಿದ್ದೆ.

ಅಜ್ಜಿ ಬಂದಳು. ಹೆಗಲ ಮೇಲೆ ಮಗು ನಿದ್ದೆ ಹೋಗಿತ್ತು. ಕರಡಿಯ ಕಿವಿ ಅದರ ಬಾಯೊಳಗಿತ್ತು. ನಾನು ಹೇಳಿದ ಮಾತಿಗೆ ಅಜ್ಜಿಯ ಮುಖ ಬಿಳಿಚಿತು. ಅವಳು ಬೀಗ ತೆಗೆದು ದೀಪ ಹಚ್ಚಿದಳು, ನಾನು ಗೊಂಬೆ ಬಿಡಿಸಿಕೊಂಡೆ. ಮಗು ಎದ್ದು ಕಿರುಚಿತು. ಹೊಲಿಗೆಯನ್ನು ಹಲ್ಲಿನಿಂದಲೇ ಕಿತ್ತು, ಹತ್ತಿಯನ್ನು ಚೂರು ಚೂರಾಗಿ ಹಿಂಜಿ ನೋಡಿದೆ. ಸೂಜಿ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಇಲ್ಲ.

"ನನ್ ಕರಡಿ ಸತ್ತೋಯ್ತು" ಎಂದು ಮಗು ನೆಲದ ಮೇಲೆ ಹೊರಳಾಡಿತು.

ಹತ್ತಿ ತುಂಬಿ ಹೊಲಿದುಕೊಡೋಣವೆಂದರೆ, ಸೂಜಿ ಹುಡುಕಿಕೊಂಡು ಅಷ್ಟು ದೂರ ಬಂದ ಹೆಂಗಸಿನ ಹತ್ತಿರ ಒಂದೂ ಸೂಜಿ ಇಲ್ಲ! ಅಜ್ಜಿಯನ್ನು ಕೇಳಿದೆ.

"ದೀಪ ಹಚ್ಚಿದ್ ಮೇಲೆ ಸೂಜಿ ಕೊಡಕಿಲ್ಲ ಕಣವ್ವ" ಎಂದಳು. ನಮ್ಮಲ್ಲೂ ಕೊಡುವುದಿಲ್ಲ, ಅಪಶಕುನ. ಕಾಯಿಲೆ ಮಗು ಇರುವ ಮನೆಯಲ್ಲಿ ಹೇಗೆ ಒತ್ತಾಯ ಮಾಡಲಿ? ಅಜ್ಜಿ ದೀಪ ನೋಡಿದಳು, ಮಗುವನ್ನು ನೋಡಿದಳು. "ಕೈಗ್ ಕೊಡಕಿಲ್ಲ. ನೆಲದ್ ಮೇಲ್ ಮಡಗ್ತೀನಿ, ಇಲ್ಲೇ ಕೂತ್ಕಂಡು ಹೊಲಿ. ಹೊಸ್ತಿಲು ದಾಟ್ಬಾರ್ದು, ಅಷ್ಟೆಯ."

ಹೊಲಿದು, ಅವಳ ಸೂಜಿಯನ್ನು ನೆಲದ ಮೇಲೇ ಬಿಟ್ಟು, ಕೊನೆಯ ಬಸ್ಸಿಗೆ ಓಡಿದೆ. ಮಗು ಉಳಿಯಿತಲ್ಲ ಎಂಬ ಸಮಾಧಾನ ಒಂದು ಸ್ಟಾಪಿನವರೆಗೂ ಬಾಳಲಿಲ್ಲ. ಹಾಗಾದರೆ ಸೂಜಿ ಎಲ್ಲಿ? ಗೊಂಬೆಗಳನ್ನು ನಾನು ರಾಶಿ ಹಾಕುವುದು ಇವರ ಮಂಚದ ಕಾಲ ಬಳಿ. ಕರೆಂಟಿಗೆ ಇವರ ಕುತ್ತಿಗೆಯ ಚರ್ಮ ಸುಟ್ಟು ಸುಲಿಯುತ್ತಿತ್ತು. ಸೂಜಿ ಇರುವುದು ಇವರ ಹಾಸಿಗೆಯಲ್ಲೇ. ಯಾರದೋ ಮಗುವಿಗಾಗಿ ಓಡಿದವಳು ಗಂಡನನ್ನು ಸೂಜಿಯ ಮೇಲೆ ಮಲಗಿಸಿ ಬಂದಿದ್ದೆ. ಡ್ರೈವರನ್ನು ಮನಸ್ಸಿನಲ್ಲೇ ಶಪಿಸುತ್ತಾ ಹುಣಸೂರು ಮುಟ್ಟಿದೆ.

ಇವರು ಮಂಚದ ಮೇಲೆ ಎದ್ದು ಕೂತಿದ್ದರು. ಅವರ ತಲೆದಿಂಬು ಎಸೆದೆ, ಕಂಬಳಿ ಕೊಡವಿದೆ. ಅವರು ನನ್ನ ಸೆರಗು ಜಗ್ಗಿ ಸ್ಲೇಟು ಮುಂದೆ ಹಿಡಿದರು. ಬೆಳಗ್ಗೆ ಬರೆದದ್ದನ್ನು ಇಡೀ ದಿನ ಅಳಿಸದೆ ಇಟ್ಟುಕೊಂಡಿದ್ದರು.

"ಸೂಜಿ ಕ್ಯಾಲೆಂಡರಲ್ಲಿ ಅದೆ."

ತಿರುಗಿ ನೋಡಿದೆ. ಸೋಮವಾರದ ಚೌಕದಲ್ಲಿ ಕಪ್ಪು ದಾರದ ಸಮೇತ ಚುಚ್ಚಿಟ್ಟಿತ್ತು. ಆಗ ಆ ಸೊಟ್ಟ ಮೂಗು ನೆನಪಾಯಿತು. ಶನಿವಾರ ಮಧ್ಯಾಹ್ನ ನಾನು ನೀರಿಗೆ ಹೋಗಿದ್ದಾಗ, ನನಗೊಂದು ಕೆಲಸ ಕಮ್ಮಿಯಾಗಲೆಂದು ಇವರೇ ಹೊಲಿದಿದ್ದರು.

"ಏನ್ರೀ ನೀವು! ಸೂಜಿ ಚುಚ್ಚಕೆ ದಿಂಬು ಇರ್ಲಿಲ್ವಾ? ಯಾರು ಹೇಳಿದ್ರು ನಿಮಗೆ ಹೊಲಿ ಅಂತ? ಹದಿನೈದು ವರ್ಷ ಬಡ್ಕೊಂಡೆ, ಕಡ್ಡಿಪುಡಿ ಬುಡಿ ಅಂತ, ಕೇಳಿದ್ರಾ? ಕೇಳಿದ್ದಿದ್ರೆ ಇವತ್ತು ಬಾಯ್ಬುಟ್ಟು ಹೇಳ್ತಿರ್ಲಿಲ್ವಾ?"

ಪಕ್ಕದ ಮನೆಯವಳು ಬಾಗಿಲಲ್ಲಿ ಇಣುಕಿ ಹಾಗೇ ಹಿಂದೆ ಸರಿದಳು. ಏನು ಅಂದುಬಿಟ್ಟೆ ಎಂದು ಬಾಯಿಗೆ ಸೆರಗು ಒತ್ತಿಕೊಂಡೆ. ಇವರು ಸ್ಲೇಟನ್ನು ಮೊಣಕೈಯಿಂದ ಒರೆಸಿ ನಿಧಾನವಾಗಿ ಬರೆದರು.

"ಅಂತೂ ಬೈದೆ. ಮೂಗು ಹೆಂಗದೆ?"

"ಸೊಟ್ಟಗದೆ" ಎಂದೆ. ಅವರ ಮಂಡಿಗೆ ಮುಖ ಒತ್ತಿ ಅತ್ತೆ. ಅಷ್ಟು ದಿನ ಅತ್ತಿರಲಿಲ್ಲ.

ಮಾರನೆಯ ಬೆಳಗ್ಗೆ ಬಸ್ಸು ಹತ್ತಿದ ಮೇಲೆ ಮತ್ತೆ ಶುರುಮಾಡಿದೆ. ಅವರು ನನ್ನ ಹೆಗಲಿಗೆ ಒರಗಿ ಕೂತರು, ನಾನು ಮೈಸೂರು ಮುಟ್ಟುವವರೆಗೂ ಬೈದೆ.