ಹೆದರುತ್ತಲೇ ಬಡಿಸಿದವರು

ಅವರ ಕನ್ನಡಕದ ಮೇಲೆ ಯಾವಾಗಲೂ ಆವಿ ಕೂತಿರುತ್ತಿತ್ತು. ಒರೆಸಿಕೊಳ್ಳುವಷ್ಟು ಪುರಸೊತ್ತು ಅವರಿಗಿರಲಿಲ್ಲ. ಎಡಗೈಯಲ್ಲಿ ಜಾಲರಿ ಸೌಟು, ಬಲಗೈಯಲ್ಲಿ ಮೊಳದುದ್ದದ ಚಾಪ್‌ಸ್ಟಿಕ್ಕು. ಕುದಿಯುವ ನೀರಿನಿಂದ ನೂಡಲ್ಸ್ ಎತ್ತಿ, ಕೊಡವಿ, ಬಟ್ಟಲಿಗೆ ಹಾಕಿ, ಮೇಲೆ ಕೆಂಪೆಣ್ಣೆ ಸುರಿಯುವುದೆಲ್ಲ ಆ ಮಬ್ಬಿನಲ್ಲೇ ನಡೆಯುತ್ತಿತ್ತು. ಗಂಭೀರವಾದದ್ದೇನಾದರೂ ಹೇಳಬೇಕಾದಾಗ ಮಾತ್ರ ಕನ್ನಡಕವನ್ನು ತಲೆಯ ಮೇಲೇರಿಸಿ ಬರಿಗಣ್ಣಿನಿಂದ ದಿಟ್ಟಿಸುತ್ತಿದ್ದರು. ನನ್ನನ್ನು ಮೊದಲ ಸಲ ಹಾಗೆ ನೋಡಿದ್ದು ಹೋಟೆಲಿನಿಂದ ಹೊರಗೆ ಕಳಿಸುವುದಕ್ಕೆ.

ಅಮೆರಿಕದ ಸನ್ನಿವೇಲ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಲಾಂಡ್ರಿಯ ಪಕ್ಕದಲ್ಲಿ ಅವರ ಹೋಟೆಲು. ಚೀನಾದ ಸಿಚುವಾನ್ ಕಡೆಯ ಖಾರದ ನೂಡಲ್ಸ್ ಅಲ್ಲಿಯ ವಿಶೇಷ. ನಮಗೆ ಮಾಂಸ ಹಾಕದೆ ಮಾಡಿಕೊಡುತ್ತಿದ್ದರು. ನನ್ನ ಗಂಡ ಧಾರವಾಡದವರು. ಈ ದೇಶದಲ್ಲಿ ಎಲ್ಲಿ ತಿಂದರೂ ಸಪ್ಪೆ ಎಂದು ಗೊಣಗುವವರು. ಇಲ್ಲಿ ಮೊದಲ ತುತ್ತಿಗೇ ಅವರ ಕಿವಿ ಕೆಂಪಾಯಿತು, ನಾಲಿಗೆಗೆ ಜೋಮು ಹಿಡಿಸುವ ಅದೇನೋ ಕಾಳಿಗೆ ತುಟಿ ಮರಗಟ್ಟಿತು. ಕಣ್ಣೀರು ಒರೆಸಿಕೊಳ್ಳುತ್ತ, “ಇದಕ್ಕ ಅಂತಾರ ನೋಡು ಊಟ” ಅಂದರು. ಅಂದಿನಿಂದ ಪ್ರತಿ ಶನಿವಾರ ಮಧ್ಯಾಹ್ನ ನಮ್ಮ ಸವಾರಿ ಅಲ್ಲಿಗೇ.

ಆಮೇಲೆ ಮಗಳು ಹುಟ್ಟಿದಳು. ಅವಳು ಇನ್ನೂ ತೊದಲು ಮಾತಾಡುತ್ತಿದ್ದಾಗ ಒಂದು ಚೂರು ಶೇಂಗಾ ಹೋಳಿಗೆ ತಿಂದು ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಎಮರ್ಜೆನ್ಸಿಗೆ ಹೊತ್ತುಕೊಂಡು ಓಡಿದೆವು. ಶೇಂಗಾ ಅಲರ್ಜಿ. ಇನ್ನೊಂದು ಸಲ ಇದಕ್ಕಿಂತ ಜೋರಾಗಿ ಬರಬಹುದು, ಆಗ ತಕ್ಷಣ ತೊಡೆಗೆ ಚುಚ್ಚಲು ಇಂಜೆಕ್ಷನ್ ಪೆನ್ನು ಸದಾ ಜೊತೆಗಿರಲಿ ಎಂದರು ಡಾಕ್ಟರು. ಅಂದಿನಿಂದ ನನಗೆ ಸುಖವಾಗಿ ಒಂದು ಊಟವಿಲ್ಲ. ಬರ್ತ್‌ಡೇ ಪಾರ್ಟಿಗೆ ಹೋದರೆ ಪ್ರತಿ ತಟ್ಟೆಯನ್ನೂ ಅನುಮಾನದಿಂದ ನೋಡುತ್ತಿದ್ದೆ. ಗಂಡ, “ಎಷ್ಟಂತ ಹೆದರ್ತೀ? ಕೂಸಿನ್ನ ಗಾಜಿನ ಪೆಟ್ಟಿಗ್ಯಾಗ ಇಡಾಕ ಆಗ್ತದೇನು?” ಅನ್ನುತ್ತಿದ್ದರು. ದೇವಸ್ಥಾನದಲ್ಲಿ ಸಿಗುವ ಹೆಂಗಸರು, “ನಮ್ ಕಾಲದಲ್ಲಿ ಇವೆಲ್ಲಾ ಎಲ್ಲಿತ್ತು ರೀ? ಸುಮ್ನೆ ಟೆನ್ಶನ್ ಮಾಡ್ಕೋಬೇಡಿ” ಎಂದು ನಗುತ್ತಿದ್ದರು. ಹೆದರಬೇಡ ಎಂದವರೆಲ್ಲ ನನ್ನನ್ನು ಇನ್ನಷ್ಟು ಒಂಟಿ ಮಾಡಿದರು.

ಎಮರ್ಜೆನ್ಸಿಯ ನಂತರ ಮೊದಲ ಸಲ ನೂಡಲ್ಸ್ ತಿನ್ನಲು ಹೋದ ಶನಿವಾರ ಹೋಟೆಲಿನ ಯಜಮಾನಿಗೆ ವಿಷಯ ಹೇಳಿದೆ. ಆಗಲೇ ಟೇಬಲ್ಲಿಗೆ ಬಂದಿದ್ದ ಬಟ್ಟಲುಗಳನ್ನು ಅವರು ಎತ್ತಿಕೊಂಡೇ ಬಿಟ್ಟರು. ಕನ್ನಡಕ ತಲೆಯ ಮೇಲೇರಿತು. “ನೋ. ಗೋ ಹೋಮ್. ಹಿಯರ್ ಪೀನಟ್ ಎವ್ರಿವೇರ್.” ಗಂಡ ಅವಮಾನದಿಂದ ಮುಖ ಊದಿಸಿಕೊಂಡು ಎದ್ದರು. ನನಗೋ, ಅಂತೂ ನನ್ನಷ್ಟೇ ಹೆದರುವವರು ಒಬ್ಬರು ಸಿಕ್ಕಿದರಲ್ಲ ಎಂದು ಅಳುವೇ ಬಂತು.

ಕೆಲವು ವಾರಗಳ ನಂತರ ಮಗಳನ್ನು ಡೇಕೇರ್‌ನಿಂದ ಕರೆತರುತ್ತಿದ್ದಾಗ ಅವರು ಬಾಗಿಲಿಗೆ ಬಂದು ಕೈಬೀಸಿ ಕರೆದರು. “ಪೀನಟ್ ಫಿನಿಶ್!” ಅಡುಗೆಮನೆಯಲ್ಲಿದ್ದ ಶೇಂಗಾ ಎಲ್ಲ ಹೊರಗೆ ಹಾಕಿ, ಎಣ್ಣೆ ಚೆಲ್ಲಿ, ಪಾತ್ರೆ ಪಗಡ ಉಜ್ಜಿ, ನೂಡಲ್ಸ್ ಮೇಲೆ ಉದುರಿಸಲು ಈಗ ಕರಿದ ಸೋಯಾ ಕಾಳು ಇಟ್ಟಿದ್ದರು. ಅವರ ಊರಿನ ಗಿರಾಕಿಗಳು ರುಚಿ ಕೆಟ್ಟಿತು ಎಂದು ಜಗಳ ತೆಗೆಯುತ್ತಿದ್ದರಂತೆ. “ದೇ ಆಂಗ್ರಿ. ಲೆಟ್ ಆಂಗ್ರಿ.” ನಮಗೋಸ್ಕರ ಯಾಕೆ ಇಷ್ಟೆಲ್ಲ ಎಂದು ಕೇಳಿದೆ. “ಐ ಸೀ ಯುವರ್ ಫೇಸ್ ದಟ್ ಡೇ. ಐ ನೋ ಸ್ಲೀಪ್” ಎಂದು ಹೇಳಿ ಒಲೆಯ ಕಡೆ ಓಡಿದರು.

ಅಂದಿನಿಂದ ಮಗಳಿಗೆ ಅವರು ‘ನೂಡಲ್ ಆಂಟಿ’. ಆದರೆ ಆಂಟಿಯ ಕಾನೂನು ಕಟ್ಟುನಿಟ್ಟು. ಮೊದಲು ಇಂಜೆಕ್ಷನ್ ಪೆನ್ನನ್ನು ತೆಗೆದು ಟೇಬಲ್ಲಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಬೇಕು. ಇಲ್ಲದಿದ್ದರೆ ಊಟವಿಲ್ಲ. ಒಮ್ಮೆ ಮರೆತು ಹೋಗಿದ್ದಕ್ಕೆ ಗಂಡನನ್ನು ಮನೆಗೆ ಅಟ್ಟಿ ತರಿಸಿದ್ದರು. ಡಾಕ್ಟರು ಕೊಟ್ಟಿದ್ದ, ಸೂಜಿಯಿಲ್ಲದ ಅಭ್ಯಾಸದ ಪೆನ್ನನ್ನು ನನ್ನಿಂದ ಕೇಳಿ ಪಡೆದು, ಗಿರಾಕಿಗಳಿಲ್ಲದಾಗ ಏಪ್ರನ್ ಮೇಲೆಯೇ ತಮ್ಮ ತೊಡೆಗೆ ಚುಚ್ಚಿಕೊಂಡು ಕಲಿಯುತ್ತಿದ್ದರು. ಬಡಿಸಿದ ಮೇಲೆ ಮಗಳ ಕುರ್ಚಿಯ ಹಿಂದೆ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದರು. ಅವರು ನಿಂತಿದ್ದರೆ ನನ್ನ ಗಂಟಲಲ್ಲೂ ಊಟ ಇಳಿಯುತ್ತಿತ್ತು.

ಮಗಳು ಶಾಲೆಗೆ ಸೇರಿದ ವರ್ಷ ಧಾರವಾಡದಿಂದ ಅತ್ತೆ ಬಂದರು. ಶೇಂಗಾ ಚಟ್ನಿಪುಡಿ ಇಲ್ಲದೆ ಅವರಿಗೆ ತುತ್ತು ಇಳಿಯದು. ಆದರೂ ಮೊಮ್ಮಗಳ ವಿಷಯ ಹೇಳಿ, “ಅತ್ತೆ, ಮನೇಲಿ ಶೇಂಗಾ ಬೇಡ” ಎಂದಾಗ ಮರುಮಾತಿಲ್ಲದೆ ಒಪ್ಪಿದರು. ಒಂದು ದಿನವೂ ಮನೆಯಲ್ಲಿ ಚಟ್ನಿಪುಡಿಯ ಡಬ್ಬಿ ತೆರೆಯಲಿಲ್ಲ.

ಒಂದು ಶನಿವಾರ ಅವರನ್ನೂ ಹೋಟೆಲಿಗೆ ಕರೆದುಕೊಂಡು ಹೋದೆವು. ಗಂಡ ಪಾರ್ಕಿಂಗ್ ಹುಡುಕುತ್ತಿದ್ದರು. ಬಹಳ ಜನವಿತ್ತು. ಯಜಮಾನಿ ನಮಗೆ ಬಡಿಸಿ ಒಳಗೆ ಹೋಗಿದ್ದರು, ನಾನು ನೀರು ತರಲು ಎದ್ದಿದ್ದೆ. ತಿರುಗಿ ಬರುವಾಗ ಯಜಮಾನಿ ನಮ್ಮ ಟೇಬಲ್ಲಿನ ಬಳಿ ಕನ್ನಡಕ ಮೇಲೇರಿಸಿ ನಿಂತಿದ್ದರು. “ವಾಟ್ ದಟ್?” ಎಂದು ಕಿರುಚಿದರು. ಅತ್ತೆಯ ಪರ್ಸಿನ ಪಕ್ಕದಲ್ಲಿ ಪುಟ್ಟ ಸ್ಟೀಲ್ ಡಬ್ಬಿ. ಅವರ ಬಟ್ಟಲಿನಲ್ಲಿ ಕೆಂಪು ಪುಡಿ. ಚಾಪ್‌ಸ್ಟಿಕ್ಕಿನ ಗೊಡವೆಗೆ ಹೋಗದೆ ಅತ್ತೆ ಕೈಯಲ್ಲೇ ಕಲೆಸಿಕೊಂಡು ತಿಂದಿದ್ದರು. ಅದೇ ಕೈಯಿಂದ ಮೊಮ್ಮಗಳ ಬಟ್ಟಲಿನ ನೂಡಲ್ಸ್ ತೆಗೆದು ಅವಳಿಗೊಂದು ತುತ್ತು ಕೊಟ್ಟಿದ್ದರು.

“ಅಮ್ಮಾ, ಮೈ ಥ್ರೋಟ್ ಫೀಲ್ಸ್ ಫನ್ನಿ” ಎಂದಳು ಮಗಳು. ಆ ದನಿ ಅವಳದಾಗಿರಲಿಲ್ಲ. ತುಟಿ ಊದುತ್ತಿತ್ತು. ಕೆಮ್ಮು ಶುರುವಾಯಿತು, ಉಸಿರು ಸೀಟಿಯಂತೆ ಕೇಳಿಸಿತು. ನಾನು ಪೆನ್ನು ಎತ್ತಿಕೊಂಡೆ. ಕೈ ಗಡಗಡ ನಡುಗಿ ಅದು ಕೆಳಗೆ ಬಿದ್ದು ಉರುಳಿತು. ಯಜಮಾನಿ ನೆಲಕ್ಕೆ ಬಗ್ಗಿ ತೆಗೆದುಕೊಂಡರು. ಅವರ ಕೈಯೂ ನಡುಗುತ್ತಿತ್ತು, ನನಗೆ ಚೆನ್ನಾಗಿ ನೆನಪಿದೆ. ನಡುಗುವ ಕೈಯಲ್ಲೇ ಮುಚ್ಚಳ ಕಿತ್ತು, ಮಗಳನ್ನು ತೊಡೆಯ ಮೇಲೆ ಒತ್ತಿ ಹಿಡಿದು, ಪ್ಯಾಂಟಿನ ಮೇಲೆಯೇ ಚುಚ್ಚಿ, ತಮ್ಮ ಭಾಷೆಯಲ್ಲಿ ಗಟ್ಟಿಯಾಗಿ ಎಣಿಸಿದರು. ಯಾರೋ ಆಂಬುಲೆನ್ಸಿಗೆ ಫೋನ್ ಮಾಡಿದರು. ಅದು ಬರುವವರೆಗೂ ಅವಳ ಉಸಿರು ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದೇ ನಾನು ಕಾದೆ. ನಿಲ್ಲಲಿಲ್ಲ.

ಆಸ್ಪತ್ರೆಯಲ್ಲಿ ಮಗಳು ನಿದ್ದೆ ಹೋದ ಮೇಲೆ ಹೊರಗೆ ಬಂದೆ. ಅತ್ತೆ ಕುಸಿದು ಕೂತಿದ್ದರು. “ಮನ್ಯಾಗ ಬ್ಯಾಡ ಅಂದಿದ್ದೆಲ್ಲವಾ, ಅದಕ್ಕ ಹೊರಗ ತಿಂದೆ. ಅಕಿ ಬಟ್ಟಲಕ್ಕ ಒಂದ್ ಚಿಟಿಕಿನೂ ಹಾಕಿಲ್ಲ ನಾ. ನನ್ನ ಕೈ ನೋಡ್ಕೊಳ್ಳಲಿಲ್ಲವಾ...” ಅವರ ಪಕ್ಕದಲ್ಲಿ ಎಣ್ಣೆ ಕಲೆಯ ಏಪ್ರನ್ನಿನಲ್ಲೇ ನೂಡಲ್ ಆಂಟಿ ಕೂತಿದ್ದರು. ಶನಿವಾರದ ವ್ಯಾಪಾರ ಬಿಟ್ಟು, ಹೋಟೆಲು ಮುಚ್ಚಿ ಬಂದಿದ್ದರು. ಅತ್ತೆಯ ಆ ಕೈಯನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡು ಸವರುತ್ತಿದ್ದರು. ನನ್ನನ್ನು ಕಂಡವರೇ, “ಐ ಸೋ ಸ್ಕೇರ್ಡ್” ಎಂದು ಮಗುವಿನಂತೆ ಅತ್ತರು. ನಾವು ಮೂವರೂ ಅತ್ತೆವು.

ಕಳೆದ ಚಳಿಗಾಲದಲ್ಲಿ ನೂಡಲ್ ಆಂಟಿ ಹೋದರು. ಹೊಟ್ಟೆಯ ಕ್ಯಾನ್ಸರು. ಆಪರೇಷನ್ ಆಯಿತು, ಆದರೆ ಅವರಿಗೆ ಎಚ್ಚರವಾಗಲೇ ಇಲ್ಲ. ಆಪರೇಷನ್ನಿನ ಹಿಂದಿನ ದಿನ, ನಮ್ಮಲ್ಲಿಂದ ಮುಕ್ಕಾಲು ಗಂಟೆ ದಾರಿಯ ಡಬ್ಲಿನ್‌ನಲ್ಲಿರುವ ಅವರ ಮಗನ ಮನೆಗೆ ಹೋಗಿದ್ದೆ. ಬಂದವರೆಲ್ಲ ಧೈರ್ಯ ಹೇಳುತ್ತಿದ್ದಾರೆ, ಅಮ್ಮ ಯಾರ ಹತ್ತಿರವೂ ಮಾತಾಡುತ್ತಿಲ್ಲ, ಗೋಡೆ ಕಡೆ ತಿರುಗಿ ಮಲಗಿದ್ದಾರೆ ಎಂದ ಮಗ. ಕೋಣೆಗೆ ಹೋದೆ. ಹಾಸಿಗೆಯಲ್ಲಿ ಅವರು ತೀರಾ ಸಣ್ಣಗೆ ಕಂಡರು. ಹೆದರಬೇಡಿ, ಎಲ್ಲ ಸರಿಹೋಗುತ್ತದೆ ಎಂಬ ಮಾತು ಬಾಯಿಗೆ ಬಂದಿತ್ತು. ಅಷ್ಟು ವರ್ಷಗಳಲ್ಲಿ ಅವರು ನನಗೆ ಒಂದು ದಿನವೂ ಹೇಳದಿದ್ದ ಮಾತು ಅದು. ನುಂಗಿಕೊಂಡೆ.

“ಐ ಯಾಮ್ ವೆರಿ ಸ್ಕೇರ್ಡ್, ಆಂಟಿ” ಎಂದೆ.

ಅವರು ನನ್ನ ಕಡೆ ತಿರುಗಿದರು. ನನ್ನ ಮುಖವನ್ನೇ ನೋಡಿದರು. ಆಮೇಲೆ ಕಷ್ಟಪಟ್ಟು ಗೋಡೆಯ ಕಡೆ ಸರಿದು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟರು.