ಆಪರೇಷನ್ ಅಂದಿದ್ದಕ್ಕೆ ಕುಣಿದಾಡಿದ್ದು

ಹಸು ಒದೆಯದಿದ್ದರೆ ನಮ್ಮವ್ವನ ಕಥೆ ಮುಗಿದೇ ಹೋಗುತ್ತಿತ್ತು! ಹಾಲು ಕರೆಯುವಾಗ ಎದೆಗೇ ಒದ್ದಿತ್ತು. ಪಕ್ಕೆಲುಬು ಮುರಿದಿರಬೇಕೆಂದು ನುಗ್ಗೇಹಳ್ಳಿಯಿಂದ ಚನ್ನರಾಯಪಟ್ಟಣಕ್ಕೆ ಕರೆದೊಯ್ದು ಎಕ್ಸ್‌ರೇ ತೆಗೆಸಿದೆ. ಮೂಳೆ ನೆಟ್ಟಗಿತ್ತು. ಶ್ವಾಸಕೋಶದಲ್ಲಿ ಅಡಿಕೆಯಷ್ಟು ಗಡ್ಡೆ ಕಂಡಿತು. ಹಾಸನದಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಕ್ಯಾನ್ಸರ್.

ಬೀಡಿ ಹೊಗೆ ಕಂಡರೆ ಮೂಗು ಮುಚ್ಚುವ ಹೆಂಗಸಿಗೆ! ನನಗೆ ಮೈಯೆಲ್ಲ ಉರಿದುಹೋಯಿತು. "ಕೆಮ್ಮಿಲ್ಲ, ನೋವಿಲ್ಲ, ಅದೆಂಗ್ ಸಾ ಬತ್ತದೆ?" ಎಂದು ಡಾಕ್ಟರ ಮೇಲೆ ರೇಗಿದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಅದೇ ಇದರ ಕೆಟ್ಟ ಬುದ್ಧಿ. ಶ್ವಾಸಕೋಶದ ಒಳಗೆ ನೋವು ಗೊತ್ತಾಗಲ್ಲ. ಕೆಮ್ಮು, ರಕ್ತ ಅಂತ ಬರೋಷ್ಟರಲ್ಲಿ ಎಷ್ಟೋ ಜನಕ್ಕೆ ಮೂಳೆಗೆ, ಮಿದುಳಿಗೆ ಹರಡಿರುತ್ತೆ. ಆಮೇಲೆ ಕೊಯ್ದು ತೆಗೆದು ಪ್ರಯೋಜನ ಇಲ್ಲ. ಔಷಧಿ ಕೊಟ್ಟು ಸ್ವಲ್ಪ ಕಾಲ ತಡೆಹಿಡೀಬಹುದು, ಅಷ್ಟೇ. ನಿಮ್ಮ ತಾಯಿಗೆ ಹರಡಿದೆಯಾ ಅಂತ ಇಡೀ ಮೈ ಸ್ಕ್ಯಾನ್ ಮಾಡಿ ನೋಡೋಣ."

ಆ ರಿಪೋರ್ಟ್ ಬರುವತನಕ ನಾನು ಆಸ್ಪತ್ರೆ ವರಾಂಡದಲ್ಲಿ ಶತಪಥ ತಿರುಗುತ್ತಿದ್ದೆ. ಅವ್ವ ಮಾತ್ರ ಮನೆಗೆ ಫೋನ್ ಮಾಡಿಸಿ ಹಸುವಿಗೆ ಹಿಂಡಿ ಇಟ್ಟರಾ ಎಂದು ವಿಚಾರಿಸುತ್ತಿದ್ದಳು.

ಕೊನೆಗೆ ಡಾಕ್ಟರು ನನ್ನನ್ನು ಒಳಗೆ ಕರೆದು, "ಎಲ್ಲೂ ಹರಡಿಲ್ಲ, ಆಪರೇಷನ್ ಮಾಡಬಹುದು" ಎಂದರು. ಕುರ್ಚಿಯಿಂದ ನೆಗೆದೇಬಿಟ್ಟೆ! ಹೊರಗೆ ಓಡಿಬಂದು ಅವ್ವನನ್ನು ತಬ್ಬಿಕೊಂಡು, "ಆಪ್ರೇಸನ್ ಕಣವ್ವಾ, ಆಪ್ರೇಸನ್!" ಎಂದು ಕೂಗಿದೆ.

"ಎದೆ ಕುಯ್ತಾರಂತೆ, ಇವ್ನು ನೋಡುದ್ರೆ ಕುಣೀತಾವ್ನೆ! ನಿನ್ ಬಾಯಿಗ್ ಮಣ್ಣಾಕ!" ಎಂದು ಅವ್ವ ಬೆನ್ನಿಗೆ ಗುದ್ದಿದಳು. ಆ ಗುದ್ದೂ ಹಿತವಾಗಿತ್ತು. ನೆಂಟರಿಗೆಲ್ಲ ಫೋನ್ ಹಚ್ಚಿದೆ.

ಬೆಂಚಿನ ಮೇಲೆ ನಮ್ಮ ಪಕ್ಕದಲ್ಲೇ ಹಿರೀಸಾವೆಯ ಅಣ್ಣತಮ್ಮಂದಿರು ಕೂತಿದ್ದರು. ಅಣ್ಣನಿಗೂ ಇದೇ ಕಾಯಿಲೆ, ಅವರೂ ಸ್ಕ್ಯಾನ್ ರಿಪೋರ್ಟಿಗೇ ಕಾದಿದ್ದವರು. ನಮ್ಮ ನಂತರ ಒಳಗೆ ಹೋದ ತಮ್ಮ ಮುಖ ಅರಳಿಸಿಕೊಂಡು ಈಚೆ ಬಂದ. ಅವ್ವನ ಕೈ ಹಿಡಿದುಕೊಂಡು, "ಪಾಪ, ನಿಮ್ಗೆ ಆಪ್ರೇಸನ್ನಂತಲ್ಲವ್ವಾ? ಎದರ್ಕಬ್ಯಾಡಿ. ನಮ್ಮಣ್ಣಂಗೆ ಕುಯ್ಯೋದೇನೂ ಬ್ಯಾಡ್ವಂತೆ, ಬರೀ ಔಸ್ದೀಲೇ ನೋಡ್ಕತಾರಂತೆ" ಎಂದ. ಆಮೇಲೆ ನನ್ನ ಕಡೆ ತಿರುಗಿ ಕೈ ಮುಗಿದು, "ದ್ಯಾವ್ರು ದೊಡ್ಡೋನು ಕಣಣ್ಣ" ಎಂದ. ಹಿಂದೆ ನಿಂತಿದ್ದ ಅವನಣ್ಣ ನೆಮ್ಮದಿಯಿಂದ ನಗುತ್ತಿದ್ದ.

ನನಗೆ ಅಳು ಒತ್ತರಿಸಿ ಬಂತು. "ಹೂಂ ಕಣಪ್ಪ, ದೊಡ್ಡೋನು" ಎಂದೆ.